ಒಂದೇ ಹಾಡು, ಮೂರು ಗಂಟಲು

ನಮ್ಮ ಮನೆಯಲ್ಲಿ ಈಗ ಎರಡು ಪಕ್ಷಗಳು. ರಾಜಕೀಯದ ವಿಷಯವಲ್ಲ, ಹೆದರಬೇಡಿ. ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದವನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಅದನ್ನು ಸಿ. ಅಶ್ವತ್ಥ್ ಹಾಡಿದ್ದೇ ಹಾಡು ಎನ್ನುವ ಪಕ್ಷ ನನ್ನದು. ರಘು ದೀಕ್ಷಿತ್ ಹಾಡಿದ್ದು ಅದಕ್ಕಿಂತ ಚೆಂದ ಎನ್ನುವ ಪಕ್ಷ ಮಗಳದ್ದು. ನಮ್ಮ ಯಜಮಾನರದ್ದು ಯಾವ ಪಕ್ಷವೂ ಅಲ್ಲ. ಆ ಹೊತ್ತಿಗೆ ಯಾರು ಊಟ ಬಡಿಸುತ್ತಾರೋ ಅವರ ಕಡೆ.

ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಶನಿವಾರದ ಬಸ್ಸಿಗೆ ಬಂಟ್ವಾಳಕ್ಕೆ ಬಂದಳೆಂದರೆ ಒಗೆಯುವ ಬಟ್ಟೆಯ ಚೀಲ ಬಚ್ಚಲಿನಲ್ಲಿ, ಮೊಬೈಲಿನ ಹಾಡು ಅಡಿಗೆಮನೆಯಲ್ಲಿ. ಒಂದು ಶನಿವಾರ ಹೀಗೇ ಗಿಟಾರು, ಡ್ರಮ್ಮು ಬಾರಿಸುವ ಸದ್ದು ಶುರುವಾಯಿತು. ನಾನು ಹಲಸಿನ ಹಪ್ಪಳ ಕಾಯಿಸುತ್ತಿದ್ದವಳು, “ಎಂತದು ಮಾರಾಯ್ತಿ ಇದು ಗಲಾಟೆ?” ಎಂದೆ. “ಗಲಾಟೆ ಅಲ್ಲಮ್ಮ, ನಿನ್ನ ಮಾಳಿಗಿ ಹಾಡೇ, ಸರಿಯಾಗಿ ಕೇಳು” ಎಂದಳು. ಕೇಳಿದೆ. ಪದ ಅದೇ. ಆದರೆ ಹಾಡು ಅದಲ್ಲ! ನಮ್ಮ ಓಣಿಯ ಹುಡುಗಿಗೆ ಯಾರೋ ಪೇಟೆಯವರ ಉಡುಪು ತೊಡಿಸಿ ನಿಲ್ಲಿಸಿದ ಹಾಗೆ. ಗುರುತು ಸಿಗುತ್ತದೆ, ಮಾತಾಡಿಸುವುದಕ್ಕೆ ಸಂಕೋಚ.

ನನ್ನ ಪಕ್ಷದ ಮಾತು ಮೊದಲು ಹೇಳಿಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ಬೆಳ್ತಂಗಡಿ ತಾಲೂಕಿನ ನಮ್ಮ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತ್ತಲ್ಲ, ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ? ಅದಕ್ಕೆ ಸಂಗೀತ ಅಶ್ವತ್ಥರದ್ದು. ಭಾವೈಕ್ಯದ ಚಿತ್ರವೆಂದು ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಆ ಕಾಲಕ್ಕೆ ಶರೀಫರ ಹಾಡಿನ ಕ್ಯಾಸೆಟ್ಟು ಇಲ್ಲದ ಮನೆ ಕಡಿಮೆ. ಶಿವಮೊಗ್ಗ ಸುಬ್ಬಣ್ಣನವರು ‘ಕೋಡಗನ ಕೋಳಿ ನುಂಗಿತ್ತ’ ಹಾಡಿದರೆ ಮಕ್ಕಳೆಲ್ಲ ಕೂಡಿ ನಗುತ್ತಿದ್ದೆವು. ಅಶ್ವತ್ಥರು ಮಾಳಿಗಿ ಹಾಡಿದರೆ ನಗು ನಿಲ್ಲುತ್ತಿತ್ತು. ಆ ಮನುಷ್ಯ ಬಾಯಿ ತೆರೆದರೆ ಗಂಟಲಿನಿಂದಲ್ಲ, ಹೊಟ್ಟೆಯಿಂದ ದನಿ ಬರುತ್ತಿತ್ತು. ಮನೆ ಸೋರುತ್ತಿದೆ, ಒಳಗಿದ್ದವರು ಮಲಗಿದ್ದಾರೆ, ಒಬ್ಬನೇ ಒಬ್ಬ ಅಂಗಳದಲ್ಲಿ ನಿಂತು ಊರು ಎದ್ದೇಳುವ ಹಾಗೆ ಕೂಗುತ್ತಿದ್ದಾನೆ ಎನ್ನಿಸುತ್ತಿತ್ತು. ಶರೀಫರ ಪದಗಳನ್ನು ಹುಡುಕಿ, ತಿದ್ದಿ, ಹಾಡುವವರ ಕೈಗೆ ಕೊಟ್ಟವರಲ್ಲಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಖ್ಯರು. ಅವರನ್ನು ಜನ ‘ಶರೀಫ ಭಟ್ಟ’ ಎಂದೇ ಕರೆಯುತ್ತಿದ್ದರಂತೆ. ಈಗ ಮೂವರೂ ಇಲ್ಲ. ಅಶ್ವತ್ಥರು ಹೋದದ್ದು 2009ರ ಡಿಸೆಂಬರ್ 29ರಂದು, ಅವರಿಗೆ 70 ತುಂಬಿದ ದಿನವೇ. ಭಟ್ಟರು 2021ರಲ್ಲಿ, ಸುಬ್ಬಣ್ಣನವರು 2022ರಲ್ಲಿ.

ಮಗಳ ಪಕ್ಷದ ಮಾತೂ ಹೇಳದಿದ್ದರೆ ಅವಳು ಈ ಬರಹ ಓದಿ ಜಗಳಕ್ಕೆ ಬರುತ್ತಾಳೆ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಭರತನಾಟ್ಯ ಕಲಿತವರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ಹಾಕಿ ನಿಲ್ಲುತ್ತಾರೆ. 2008ರಲ್ಲಿ ಬಂದ ಅವರ ‘ಅಂತರಾಗ್ನಿ’ಯಲ್ಲಿ ಈ ಮಾಳಿಗಿಯೂ ಉಂಟು, ಶರೀಫರದ್ದೇ ಗುಡುಗುಡಿಯ ಪದವೂ ಉಂಟು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ಟಿ.ವಿ.ಯಲ್ಲಿ ಹಾಡಿ ಬಂದರು. “ಅಮ್ಮ, ನಮ್ಮ ಕ್ಲಾಸಿನ ಅರ್ಧ ಮಂದಿಗೆ ಶರೀಫರು ಗೊತ್ತಾದದ್ದೇ ಇವರಿಂದ. ನಿನ್ನ ಕ್ಯಾಸೆಟ್ಟಿನಿಂದ ಅಲ್ಲ” ಎಂದು ಮಗಳ ವಾದ. ಅದರಲ್ಲಿ ಸುಳ್ಳಿಲ್ಲ. ನಮ್ಮ ಕ್ಯಾಸೆಟ್ಟುಗಳೆಲ್ಲ ಬೂಸಲು ಹಿಡಿದು ಅಟ್ಟ ಸೇರಿ ಎಷ್ಟು ವರ್ಷವಾಯಿತು!

ಆದರೂ ನನ್ನ ಕಿವಿಗೆ ಒಂದು ಕೊರತೆ ಕಾಣುತ್ತದೆ. ಅಶ್ವತ್ಥರು ಹಾಡಿದ್ದು ಒಬ್ಬಂಟಿಯ ಹಾಡು. ರಘು ದೀಕ್ಷಿತರದ್ದು ಹತ್ತು ಜನ ಸೇರಿ ಕುಣಿಯುವ ಹಾಡು. ಮನೆ ಸೋರುವಾಗ ಕುಣಿಯುವವರುಂಟೇ? ಮಗಳು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾಳೆ. “ಸೋರಿದರೆ ಅತ್ತುಕೊಂಡು ಕೂತರಾಯಿತಾ? ಹತ್ತು ಜನ ಸೇರಿದರೆ ಹಂಚು ಬೇಗ ಹಾಸಬಹುದು” ಎನ್ನುತ್ತಾಳೆ. ಈಗಿನ ಮಕ್ಕಳ ಬಾಯಿಗೆ ಎದುರು ನಿಲ್ಲುವುದು ಕಷ್ಟ.

ಮೂಲದ ಹಾಡು, ಆಮೇಲಿನವರ ಹಾಡು ಎಂಬ ಜಗಳ ನಮ್ಮಲ್ಲಿ ಮಾತ್ರ ಅಲ್ಲವಂತೆ. ಮಗಳು ಒಂದು ಜಪಾನೀ ಹಾಡಿನ ಕಥೆ ಹೇಳಿದಳು. ಅಡಿಗೆ ಪುಟ ಓದುವ ನಮಗೆಲ್ಲ ಅದು ರುಚಿಸೀತು, ಕೇಳಿ. 1961ರಲ್ಲಿ ಕ್ಯು ಸಕಾಮೊಟೊ ಎಂಬ ಹುಡುಗ ಹಾಡಿದ್ದು. ಕಣ್ಣೀರು ಕೆಳಗೆ ಬೀಳಬಾರದೆಂದು ಮುಖ ಮೇಲೆತ್ತಿಕೊಂಡು ನಡೆಯುವವನ ದುಃಖದ ಹಾಡು. ಅದರ ಜಪಾನೀ ಹೆಸರನ್ನು ಹೇಳಲು ಪರದೇಶದವರಿಗೆ ನಾಲಗೆ ಹೊರಳಲಿಲ್ಲವೆಂದು ‘ಸುಕಿಯಾಕಿ’ ಎಂದು ಹೆಸರಿಟ್ಟು ಮಾರಿದರು. ಸುಕಿಯಾಕಿ ಎಂದರೆ ಮಾಂಸ, ತರಕಾರಿ ಹಾಕಿ ಬೇಯಿಸುವ ಒಂದು ಅಡಿಗೆ! ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಯಾರದೋ ವಿರಹದ ಹಾಡಿಗೆ ‘ಪತ್ರೊಡೆ’ ಎಂದು ಹೆಸರಿಟ್ಟ ಹಾಗಾಯಿತು. ಹಾಗಿದ್ದೂ 1963ರಲ್ಲಿ ಅಮೆರಿಕದಲ್ಲಿ ಅದು ಎಲ್ಲಕ್ಕಿಂತ ಮೇಲಿನ ಸ್ಥಾನಕ್ಕೆ ಹೋಯಿತು. 1981ರಲ್ಲಿ ಇಂಗ್ಲಿಷ್ ಮಾತು ಹಾಕಿ ಅಮೆರಿಕದ ಹೆಂಗಸರಿಬ್ಬರು ಹಾಡಿದರು, ಅದೂ ಹೆಸರಾಯಿತು. ಮೂಲ ಹಾಡಿದ ಪುಣ್ಯಾತ್ಮ 1985ರ ವಿಮಾನ ಅಪಘಾತದಲ್ಲಿ 43ನೆಯ ವಯಸ್ಸಿಗೇ ತೀರಿಕೊಂಡ. ಮಗಳು ಎರಡನ್ನೂ ಹಾಕಿ ತೋರಿಸಿದಳು. ಭಾಷೆ ಎರಡೂ ತಿಳಿಯದ ನನಗೆ ಆ ಹುಡುಗನದ್ದೇ ಹಿಡಿಸಿತು. ಸಿಳ್ಳೆ ಹೊಡೆಯುತ್ತ ದುಃಖ ಮುಚ್ಚಿಟ್ಟುಕೊಳ್ಳುವವರನ್ನು ನಾವು ನೋಡಿಲ್ಲವೇ? ಹೆಂಗಸರದ್ದು ಇಂಪಾಗಿತ್ತು; ಆದರೆ ದುಃಖವನ್ನು ಇಸ್ತ್ರಿ ಹಾಕಿ ಮಡಚಿಟ್ಟ ಹಾಗಿತ್ತು.

ಆದರೆ ನಮ್ಮ ಮಾಳಿಗಿಯ ವಿಷಯದಲ್ಲಿ ‘ಮೂಲ’ ಎನ್ನುವುದು ಯಾವುದು, ಹೇಳಿ? ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಹಾಡು ತುಂಬಿಸಿದ್ದೇ 1902ರಲ್ಲಿ. ಅವರು ಯಾವ ಧಾಟಿಯಲ್ಲಿ ಹಾಡಿದರೆಂದು ಯಾವ ಯಂತ್ರವೂ ಹಿಡಿದಿಡಲಿಲ್ಲ. ಅಂದ ಮೇಲೆ ನಾನು ‘ಮೂಲ’ ಎಂದು ಅಪ್ಪಿಕೊಂಡ ಅಶ್ವತ್ಥರದ್ದೂ ನೂರು ವರ್ಷದ ನಂತರದ್ದೇ. ನಾಡಗೀತೆಗಾದರೆ ಧಾಟಿಯ ಜಗಳ ಬಂದಾಗ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯೇ ಸರಿ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಎಂದು ಆದೇಶ ಹೊರಡಿಸಿತು. ತತ್ವಪದಕ್ಕೆ ಯಾರು ಆದೇಶ ಹೊರಡಿಸುತ್ತಾರೆ?

ಇಷ್ಟೆಲ್ಲ ನಾನು ಯೋಚಿಸುವುದಕ್ಕೆ ಕಾರಣ ನನ್ನ ಅವ್ವ.

ಬೆಳ್ತಂಗಡಿಯಲ್ಲಿ ಹುಟ್ಟಿ ಬೆಳೆದ ನಾನು ತಾಯಿಯನ್ನು ‘ಅಮ್ಮ’ ಎನ್ನದೆ ‘ಅವ್ವ’ ಎನ್ನುವುದನ್ನು ಕೇಳಿ ಇಲ್ಲಿಯವರು ಈಗಲೂ ತಿರುಗಿ ನೋಡುತ್ತಾರೆ. ನನ್ನಪ್ಪ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ನಮ್ಮ ಕರಾವಳಿಯ ಎಷ್ಟೋ ಹುಡುಗರು ಹಾಗೆ ಘಟ್ಟ ಹತ್ತಿ ಹೋಗಿದ್ದರಲ್ಲ. ಅಲ್ಲಿ ಶಿಗ್ಗಾವಿ ಕಡೆಯ ಹುಡುಗಿಯನ್ನು ಮದುವೆಯಾಗಿ 1972ರಲ್ಲಿ ಊರಿಗೆ ಕರೆದುಕೊಂಡು ಬಂದರು. ಜಾತಿ ಬೇರೆ, ಊಟ ಬೇರೆ, ಮಾತು ಬೇರೆ. ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆದೇನು. ಅವ್ವ ಇಲ್ಲಿ ಬಂದು ತುಳು ಕಲಿತಳು. ಕುಚ್ಚಲಕ್ಕಿ ಗಂಜಿ ಉಣ್ಣಲು ಕಲಿತಳು. ಬಂದ ಎರಡೇ ವರ್ಷಕ್ಕೆ, ಬಂಟ್ವಾಳ ಪೇಟೆಯನ್ನು ಮುಳುಗಿಸಿದ 1974ರ ನೆರೆಯನ್ನೂ ಕಂಡಳು. ಅವಳ ಊರಿನಲ್ಲಿ ಬೀಳುವ ಮಳೆ ನಮ್ಮ ಕಡೆಯದರ ಕಾಲು ಪಾಲೂ ಇಲ್ಲ. ಮೊದಲ ಆಷಾಢದಲ್ಲಿ, “ಇದು ಮಳಿ ಅಲ್ಲ, ಯಾರೋ ಮ್ಯಾಲಿಂದ ಕೊಡ ಬೋರಲ ಹಾಕ್ಯಾರ” ಎಂದಳಂತೆ. ಅಪ್ಪ ಇದ್ದಷ್ಟು ದಿನ ಆ ಮಾತು ಹೇಳಿ ನಗುತ್ತಿದ್ದರು.

ಮಾಳಿಗೆ ಎಂದರೆ ನಮ್ಮ ಜಿಲ್ಲೆಯವರಿಗೆ ಉಪ್ಪರಿಗೆ. ಅದಕ್ಕೇ ಇಲ್ಲಿಯವರು ಈ ಹಾಡು ಕೇಳಿದರೆ ಯಾವುದೋ ಶ್ರೀಮಂತರ ಮಹಡಿ ಮನೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಅವ್ವನ ಕಡೆಯ ಮಾಳಿಗಿ ಎಂದರೆ ಮಣ್ಣಿನ ಚಪ್ಪಟೆ ಸೂರು. ತೊಲೆ, ಜಂತಿ, ಅದರ ಮೇಲೆ ಹಲಗೆಯೋ ಕಟ್ಟಿಗೆಯೋ, ಅದರ ಮೇಲೆ ಗೇಣುದ್ದ ಮಣ್ಣು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಹರವಿ ತುಳಿದು ಗಟ್ಟಿ ಮಾಡಬೇಕು. ನಡುವೆ ಒಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಏಣಿ ಹತ್ತಿ ಹೋಗಿ ಅದನ್ನು ಮುಚ್ಚಬೇಕು, ಇಲಿ ತೋಡಿದ ತೂತು ಕಂಡರೆ ಕಾಲಿನಿಂದ ಮಣ್ಣು ಮೆಟ್ಟಬೇಕು. ಹತ್ತುವವರು ಇಲ್ಲದಿದ್ದರೆ ಮನೆ ಸೋರುತ್ತದೆ, ಅಷ್ಟೇ. ಶರೀಫರ ಪದದ ಗುಟ್ಟೆಲ್ಲ ಇದರ ಮೇಲೆ ನಿಂತಿದೆ. ಸೂರು ಎಂದರೆ ನಮ್ಮ ದೇಹವೋ ಮನಸ್ಸೋ, ಸೋರುವುದು ಅಜ್ಞಾನದಿಂದ, ಹತ್ತಿ ನೋಡುವ ಎಚ್ಚರ ನಮಗಿಲ್ಲ ಎಂದು ತಿಳಿದವರು ಅರ್ಥ ಹೇಳುತ್ತಾರೆ.

ನಮ್ಮ ಕಡೆ ಆ ತಾಪತ್ರಯ ಬೇರೆ ರೀತಿ. ಇಲ್ಲಿ ಮಾಡು ಇಳಿಜಾರಾಗಿ ಇಲ್ಲದಿದ್ದರೆ ದೇವರೂ ಕಾಪಾಡಲಾರ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅದಕ್ಕೂ ಇಳಿಜಾರಿನ ಮಾಡೇ. ಕಲ್ಲಿನ ಬಸದಿಯೇ ಮಳೆಗೆ ತಲೆ ಬಾಗಿಸಿದೆ ಎಂದ ಮೇಲೆ ನಮ್ಮ ಮನೆ ಯಾವ ಲೆಕ್ಕ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ನಾವಿರುವುದೂ ಅಂಥದ್ದೇ ಹಳೆಯ ಮನೆ. ಒಂದು ಹಂಚು ಮಂಗ ಸರಿಸಿತೆಂದರೆ ಚಾವಡಿಯಲ್ಲಿ ಪಾತ್ರೆ ಇಡಬೇಕು. ಹಂಚು ಇಡುವ ಕೆಲಸ ಬಲ್ಲವರು ಈಗ ಸಿಗುವುದಿಲ್ಲ. ಸಿಕ್ಕಿದರೂ, “ತಗಡು ಹಾಕಿಸಿಬಿಡಿ ಅಕ್ಕ” ಎನ್ನುತ್ತಾರೆ.

ಅಪ್ಪ ಹೋದ ಮೇಲೆ ಅವ್ವ ಕೆಲವು ವರ್ಷ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಮೊದಮೊದಲು ಒಲೆಯ ಮೇಲಿಟ್ಟ ಹಾಲು ಮರೆಯುತ್ತಿದ್ದಳು. ಅದು ನಮಗೂ ಉಂಟು, ಬಿಡಿ. ಆಮೇಲೆ ನಾಣ್ಯ ಎಣಿಸುವುದು ಮರೆತಳು. ಆಮೇಲೆ ಪಕ್ಕದ ಮನೆಯವರು ತುಳುವಿನಲ್ಲಿ ಮಾತಾಡಿಸಿದರೆ ಕನ್ನಡದಲ್ಲಿ ಉತ್ತರ ಕೊಡತೊಡಗಿದಳು. ಡಾಕ್ಟರು ಮರೆವಿನ ಕಾಯಿಲೆ ಎಂದರು, ಡಿಮೆನ್ಷಿಯಾ ಎಂದು ಚೀಟಿಯಲ್ಲಿ ಬರೆದರು. ಐವತ್ತು ವರ್ಷ ಆಡಿದ ತುಳು ಅವಳ ನಾಲಗೆಯಿಂದ ಒಂದೇ ವರ್ಷದಲ್ಲಿ ಜಾರಿ ಹೋಯಿತು. ಉಳಿದದ್ದು ಶಿಗ್ಗಾವಿಯ ಮಾತು. ನಾನು ಬಂಟ್ವಾಳಕ್ಕೆ ಕರೆದುಕೊಂಡು ಬಂದೆ. ಅವಳ ಮಾತು ತಿಳಿಯುವವರು ಈ ಓಣಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ನಮ್ಮ ಯಜಮಾನರಿಗೂ ಅರ್ಧಂಬರ್ಧ.

ಬೇಸಗೆಯಲ್ಲಿ ಪರವಾಗಿಲ್ಲ. ಹೂ ಕಟ್ಟುತ್ತಾಳೆ, ಬದನೆಕಾಯಿ ಹೆಚ್ಚಿ ಕೊಡುತ್ತಾಳೆ. ನಾನು ಅವಳ ಕೈಯ ಹಾಗೇ ಎಣ್ಣೆಗಾಯಿ ಮಾಡಲು ಹೋಗಿ, ಇಲ್ಲಿಯ ಅಭ್ಯಾಸ ನೋಡಿ, ಗುರೆಳ್ಳು ಪುಡಿಯ ಜೊತೆ ಒಂದು ಹಿಡಿ ತೆಂಗಿನಕಾಯಿಯನ್ನೂ ಅರೆದು ಹಾಕುತ್ತೇನೆ. ಅವ್ವ ತಿಂದು, “ಚಲೋ ಆಗೇತಿ, ಆದ್ರ ಎಣ್ಣಿಗಾಯಿ ಅಲ್ಲ ಇದು” ಎನ್ನುತ್ತಾಳೆ. ಮೊಮ್ಮಗಳ ಹೆಸರು ಮರೆತರೂ ಎಣ್ಣೆಗಾಯಿ ಯಾವುದು, ಯಾವುದಲ್ಲ ಎಂಬುದನ್ನು ಮರೆತಿಲ್ಲ!

ಕಷ್ಟ ಶುರುವಾದದ್ದು ಕಳೆದ ಮಳೆಗಾಲದಲ್ಲಿ. ರಾತ್ರಿ ಹಂಚಿನ ಮೇಲೆ ಮಳೆ ಸುರಿಯತೊಡಗಿದರೆ ಎದ್ದು ಕೂರುತ್ತಿದ್ದಳು. “ಮಾಳಿಗಿ ಸೋರಾಕತ್ತೇತಿ, ಯಾರರೆ ಮ್ಯಾಲ ಹತ್ರಿ. ಅಪ್ಪ ಎಲ್ಲಿ ಹೋದಾ?” ಎಂದು ಕತ್ತಲೆಯಲ್ಲಿ ಗೋಡೆ ತಡವುತ್ತಿದ್ದಳು. ಅವಳ ಅಪ್ಪ, ಅಂದರೆ ನನ್ನಜ್ಜ, ನಾನು ಹುಟ್ಟುವ ಮೊದಲೇ ಹೋದವರು. ಸೋರುತ್ತಿಲ್ಲ ಅವ್ವಾ, ಮಲಗು ಎಂದರೆ ಕೇಳುವುದಿಲ್ಲ. ಇಂಥವರ ಜೊತೆ ವಾದಕ್ಕಿಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಅದು ಹೇಳುವುದಕ್ಕೆ ಸುಲಭ. ರಾತ್ರಿ ಎರಡು ಗಂಟೆಗೆ ಮೂರನೆಯ ಸಲ ಎದ್ದವಳಿಗೆ ತಾಳ್ಮೆ ಎಲ್ಲಿಂದ ತರುವುದು? ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಹಿರಿಯರಿದ್ದರೆ ನನ್ನ ಮಾತು ತಿಳಿದೀತು.

ಜುಲೈಯ ಒಂದು ರಾತ್ರಿ ಹಿತ್ತಲಿನ ಬಾಗಿಲ ಚಿಲಕ ತೆಗೆದು, ತೆಂಗಿನಕಾಯಿ ಕೀಳುವ ಏಣಿಯನ್ನು ಎಳೆದು ಗೋಡೆಗೆ ಒರಗಿಸಿ, ಎರಡು ಮೆಟ್ಟಲು ಹತ್ತಿದ್ದಳು. ಸೀರೆಯ ನೆರಿಗೆ ಒದ್ದೆ, ಕೈಯಲ್ಲಿ ಒಂದು ಮುಷ್ಟಿ ಮಣ್ಣು. ಯಜಮಾನರು ಸದ್ದು ಕೇಳಿ ಓಡಿದ್ದರಿಂದ ಉಳಿದಳು. 77 ವರ್ಷದ ಮುದುಕಿ ಜಾರುವ ಏಣಿಯ ಮೇಲೆ! ಮರುದಿನ ಬೆಂಗಳೂರಿನಿಂದ ತಮ್ಮ ಫೋನು ಮಾಡಿದ. “ಅಕ್ಕ, ಇನ್ನು ಆಗುವುದಿಲ್ಲ. ಅವ್ವನನ್ನು ನಾನು ಕರೆದುಕೊಂಡು ಹೋಗುತ್ತೇನೆ. ನಮ್ಮದು ಆರನೆಯ ಮಹಡಿ, ಮೇಲೆ ಇನ್ನೂ ನಾಲ್ಕು ಮಹಡಿ ಉಂಟು. ಮಳೆಯ ಸದ್ದೇ ಕೇಳುವುದಿಲ್ಲ” ಎಂದ. ನನಗೆ ಬೇಡ ಎನ್ನಲೂ ಆಗಲಿಲ್ಲ, ಹೂಂ ಎನ್ನಲೂ ಆಗಲಿಲ್ಲ. ಅವನ ಹೆಂಡತಿ ಕೆಲಸಕ್ಕೆ ಹೋಗುವವಳು, ಒಳ್ಳೆಯ ಹುಡುಗಿ. ಆದರೆ ಅವ್ವನ ಭಾಷೆ ಅವಳಿಗೆ ಬರುವುದಿಲ್ಲ.

ಆ ದಿನಗಳಲ್ಲೇ ನನಗೆ ಹೊಳೆದದ್ದು ಹಾಡಿನ ಉಪಾಯ. ಮರೆವಿನವರಿಗೆ ಚಿಕ್ಕಂದಿನ ಹಾಡು ಬೇಗ ಮರೆಯುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು. ಶರೀಫರ ಊರಿನ ಕಡೆಯವಳು, ಅಜ್ಜ ಶಿಶುನಾಳದ ಜಾತ್ರೆಗೆ ಹೋಗಿ ಭಜನೆ ಹಾಡುತ್ತಿದ್ದವರು. ಮಳೆ ಶುರುವಾದ ಕೂಡಲೆ ಅಶ್ವತ್ಥರ ಮಾಳಿಗಿ ಹಾಡನ್ನು ಮೊಬೈಲಿನಲ್ಲಿ ಹಾಕಿ ಹಾಸಿಗೆಯ ಹತ್ತಿರ ಇಟ್ಟೆ. ಈ ದನಿ ಕೇಳಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದು ನನಗೆ ಪೂರ್ಣ ಭರವಸೆ.

ಅವ್ವ ನಡುಗತೊಡಗಿದಳು. “ಯಾಕ ಒದರಾಕತ್ತಾನವಾ ಅವ? ಯಾರಿಗೇನಾತು?” ಎಂದು ನನ್ನ ಕೈ ಹಿಡಿದಳು. ಅಂಗಳದಲ್ಲಿ ನಿಂತು ಊರು ಎದ್ದೇಳುವ ಹಾಗೆ ಕೂಗುವ ದನಿ ಎಂದು ನಾನೇ ಮೇಲೆ ಬರೆದೆನಲ್ಲ, ಅದನ್ನು ಅವಳು ನಿಜವಾದ ಕೂಗು ಎಂದೇ ತಿಳಿದಳು. ಮನೆ ಸೋರುತ್ತಿದೆ ಎಂದು ಹೊರಗಿನವರೂ ಬಂದು ಹೇಳಿದ ಮೇಲೆ ಅವಳು ಮಲಗುವುದುಂಟೇ? ಆ ರಾತ್ರಿ ನಾವಿಬ್ಬರೂ ಕಣ್ಣು ಮುಚ್ಚಲಿಲ್ಲ. ಹಾಡು ಅಷ್ಟು ಜೋರಾಗಿ ತಟ್ಟುವುದಾದರೆ ಅದು ಹಾಡಿದವರ ದೊಡ್ಡತನವೇ ಸರಿ. ಈಗಲೂ ನನಗೆ ಅಶ್ವತ್ಥರದ್ದೇ ಇಷ್ಟ, ಅದರಲ್ಲಿ ಬದಲಿಲ್ಲ.

ಶನಿವಾರ ಮಗಳು ಬಂದವಳು, “ನನ್ನದನ್ನು ಹಾಕಿ ನೋಡುವ” ಎಂದಳು. ನಾನು ಬೇಡವೆಂದೆ. ಈ ಡ್ರಮ್ಮಿನ ಸದ್ದಿಗೆ ಎದ್ದು ಓಡಿಯಾಳು ಎಂದೆ. ಅವಳು ಕೇಳಬೇಕಲ್ಲ! ಅಜ್ಜಿಯ ಪಕ್ಕ ಕಾಲು ಮಡಚಿ ಕೂತು, ಸಣ್ಣ ದನಿಯಲ್ಲಿ ಹಾಕಿದಳು. ಹೊರಗೆ ಧೋ ಎಂದು ಮಳೆ. ಸ್ವಲ್ಪ ಹೊತ್ತು ಅವ್ವ ಸುಮ್ಮನೆ ಕೇಳಿದಳು. ಆಮೇಲೆ ಅವಳ ಬಲಗೈಯ ಬೆರಳು ಮಂಚದ ಪಟ್ಟಿಯ ಮೇಲೆ ಆಡತೊಡಗಿದವು. ತಾಳ ತಪ್ಪದ ಹಾಗೆ, ಲೆಕ್ಕ ಹಾಕಿದ ಹಾಗೆ. “ದಮ್ಮಡಿ ಬಾರಸಾಕತ್ತಾರ” ಎಂದಳು. “ಗುಡ್ಯಾಗ ಭಜನಿ ಶುರು ಆತು. ಮಂದಿ ಕೂಡ್ಯಾರ.”

ನನಗೆ ಗಲಾಟೆಯಾಗಿ ಕೇಳಿದ್ದು ಅವಳಿಗೆ ಭಜನೆಯ ಮನೆಯಾಗಿ ಕೇಳಿತು. ಮಂದಿ ಕೂಡಿದ್ದಾರೆ, ದೀಪ ಹಚ್ಚಿದ್ದಾರೆ, ಇನ್ನು ಸೋರಿದರೆ ಹತ್ತುವವರಿದ್ದಾರೆ ಎಂದು ಧೈರ್ಯವೋ ಏನೋ. ಮಗಳು ನನ್ನ ಮುಖ ನೋಡಿ ಹುಬ್ಬು ಹಾರಿಸಿದಳು. ಅವಳಿಗೆ ಪಕ್ಷ ಗೆದ್ದ ಸಂತೋಷ. ನನಗೆ ಆ ರಾತ್ರಿ ಎಷ್ಟೋ ವಾರಗಳ ಮೇಲೆ ಐದು ಗಂಟೆ ನಿದ್ದೆ ಬಂತು.

ಎರಡು ಮೂರು ಶನಿವಾರ ಹೀಗೆ ಹೋಯಿತು. ಒಂದು ಸಂಜೆ ಹಾಡು ಮುಗಿದ ಮೇಲೆ ಅವ್ವ ತಾನಾಗಿ ಶುರು ಮಾಡಿದಳು. ಅದೇ ಪದ. ಆದರೆ ಧಾಟಿ ಅಶ್ವತ್ಥರದ್ದಲ್ಲ, ರಘು ದೀಕ್ಷಿತರದ್ದೂ ಅಲ್ಲ. ಏರು ಇಲ್ಲ, ಇಳಿವು ಇಲ್ಲ. ಗದ್ದೆಯ ಬದುವಿನ ಮೇಲೆ ಬುತ್ತಿ ಹೊತ್ತುಕೊಂಡು ನಡೆಯುವವರ ಹೆಜ್ಜೆಯ ಹಾಗೆ ಒಂದೇ ಸಮ. ಹೆದರಿಕೆಯೂ ಇಲ್ಲ, ಕುಣಿತವೂ ಇಲ್ಲ. ಮನೆ ಸೋರುತ್ತಿದೆ ಎಂಬುದನ್ನು ನೆರೆಮನೆಯವರಿಗೆ ಹೇಳುವಷ್ಟೇ ಸಹಜವಾಗಿ ಹಾಡಿದಳು. ನಲವತ್ತು ವರ್ಷದಲ್ಲಿ ಅವಳ ಬಾಯಿಯಿಂದ ನಾನು ಇದನ್ನು ಕೇಳಿರಲಿಲ್ಲ. ಅತ್ತೆ ಮನೆಯಲ್ಲಿ ಹಾಡುವುದಕ್ಕೆ ಬಿಡುವು ಯಾರು ಕೊಟ್ಟಿದ್ದರು? ಟೇಪ್ ರೆಕಾರ್ಡರು ಬಂದ ಮೇಲಂತೂ ಅಶ್ವತ್ಥರು ಹಾಡುತ್ತಿದ್ದರು, ಅವ್ವ ಪಾತ್ರೆ ತಿಕ್ಕುತ್ತಿದ್ದಳು. ನಮ್ಮ ಕ್ಯಾಸೆಟ್ಟಿಗಿಂತ ಹಳೆಯ ಹಾಡು ಮನೆಯೊಳಗೇ ಇದ್ದರೂ ಅದನ್ನು ಯಾರೂ ಕೇಳಿ ಹಾಡಿಸಿರಲಿಲ್ಲ.

ಮಗಳು ಬೇಗ ಮೊಬೈಲು ಹಿಡಿದಳು. 1 ನಿಮಿಷ 40 ಸೆಕೆಂಡು ಸಿಕ್ಕಿತು. ಪಲ್ಲವಿ ಪೂರ್ತಿ, ಒಂದು ನುಡಿ ಅರ್ಧ. ಆಮೇಲೆ ಪದ ಮರೆತು ಹೋಯಿತು. ಗುನುಗಿದಳು, ಗುನುಗಿ ನಿಲ್ಲಿಸಿದಳು. ಮುಂದೆ ಹೇಳವ್ವಾ ಎಂದು ನಾನು ಪದ ಎತ್ತಿಕೊಟ್ಟೆ. ನನ್ನ ಬಾಯಿಗೆ ಬಂದದ್ದು ಅಶ್ವತ್ಥರ ಧಾಟಿಯೇ. ಅವಳು ತಲೆ ಅಲ್ಲಾಡಿಸಿ, “ಅದು ಬ್ಯಾರೆ” ಎಂದಳು. ಎಣ್ಣೆಗಾಯಿಗೆ ಹೇಳಿದ ಹಾಗೇ. ಮರುದಿನ ಕೇಳಿದರೆ ಯಾವ ಹಾಡು ಎಂದಳು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಆ ಧಾಟಿ ತಿರುಗಿ ಬರಲಿಲ್ಲ.

ಅದನ್ನು ತಮ್ಮನಿಗೆ ಕಳಿಸಿದೆವು. ರಾತ್ರಿ ಹನ್ನೊಂದಕ್ಕೆ ಅವನ ಫೋನು. ಸ್ವಲ್ಪ ಹೊತ್ತು ಮಾತಿಲ್ಲ. ನಾನು, ಏನಾಯಿತೋ ಎಂದು ಗಾಬರಿಯಾದೆ. “ಅಕ್ಕ, ನನಗೆ ಜ್ವರ ಬಂದಾಗ ಅವ್ವ ಇದನ್ನು ಹಾಡುತ್ತಿದ್ದಳು. ನೀನು ಶಾಲೆಗೆ ಹೋಗಿರುತ್ತಿದ್ದೆ” ಎಂದ. ಆಮೇಲೆ, ಆರನೆಯ ಮಹಡಿಯಲ್ಲಿ ಕೂತು, ಆ ಅರ್ಧ ನುಡಿಯ ಮುಂದಿನ ತುಂಡನ್ನು ಗುನುಗಿದ. ಪದವಿಲ್ಲ, ಬರೀ ಧಾಟಿ. ಇಂಜಿನಿಯರ್ ಆಗಿ ತಲೆ ಬೆಳ್ಳಗಾದ ಮನುಷ್ಯ. ಹಿಂದೆ ಅವನ ಮಕ್ಕಳು ನಗುವುದು ಕೇಳುತ್ತಿತ್ತು. ನಾನು ಅವನಿಗೆ ಮತ್ತೊಮ್ಮೆ ಗುನುಗು ಎಂದು ಹೇಳಿ ಮಗಳ ಕೈಯಲ್ಲಿ ಅದನ್ನೂ ತುಂಬಿಸಿಕೊಂಡೆ. ಎರಡನ್ನೂ ಸೇರಿಸಿದರೆ 2 ನಿಮಿಷಕ್ಕೆ ಸ್ವಲ್ಪ ಹೆಚ್ಚು.

ಇಷ್ಟು ಗೊತ್ತಾದ ಮೇಲೆ ನನಗೆ ಹೂಂ ಎನ್ನುವುದು ಕೊಂಚ ಸುಲಭವಾಯಿತು. ಆ ಮನೆಯಲ್ಲಿ ಅವಳ ಮಾತು ತಿಳಿಯುವವನು ಒಬ್ಬನಾದರೂ ಇದ್ದಾನೆ. ಚೌತಿ ಕಳೆದ ಮೇಲೆ ಕರೆದುಕೊಂಡು ಹೋಗುತ್ತಾನೆ, ಸದ್ಯಕ್ಕೆ ಮೂರು ತಿಂಗಳಿಗೆ ಎಂದು ಮಾತಾಗಿದೆ. ಹಂಚಿನವನು ದೀಪಾವಳಿಯೊಳಗೆ ಬಂದು ಇಡೀ ಮಾಡು ಬಿಚ್ಚಿ ಇಟ್ಟುಕೊಡುತ್ತೇನೆ ಎಂದಿದ್ದಾನೆ. ಬಂದರೆ ನಿಜ.

ತಮ್ಮನ ಹೆಂಡತಿಗೆ ಎಂದು ಒಂದು ಕಾಗದ ಬರೆದು ಔಷಧಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಬಿಳಿ ಮಾತ್ರೆ, ರಾತ್ರಿ ಊಟದ ನಂತರ ಹಳದಿ. ರೊಟ್ಟಿ ತೆಳ್ಳಗಿರಲಿ, ಹಾಲಿನಲ್ಲಿ ನೆನೆಸಿ ಕೊಡುವುದು. ಎಣ್ಣೆಗಾಯಿಗೆ ತೆಂಗಿನಕಾಯಿ ಹಾಕಬೇಡ. ಮಳೆ ಬಂದ ದಿನ ಕಿಟಕಿ ಮುಚ್ಚು. ಎದ್ದು ಕೂತರೆ ಸೋರುತ್ತಿಲ್ಲ ಎಂದು ವಾದಿಸಬೇಡ. ಮೇಲೆ ಜನ ಹತ್ತಿದ್ದಾರೆ ಎಂದು ಹೇಳು. ಆಮೇಲೆ ರಘು ದೀಕ್ಷಿತರ ಹಾಡು, ದನಿ ಸಣ್ಣಗೆ ಇಟ್ಟು. ಅಶ್ವತ್ಥರದ್ದು ಹಗಲಿನಲ್ಲಿ ಮಾತ್ರ, ಅದೂ ಅವಳು ಹಿತ್ತಲಿನ ಕಡೆ ಇರುವಾಗ. ಅಲ್ಲಿ ಹಿತ್ತಲು ಎಲ್ಲಿಂದ ಬರಬೇಕು ಎಂದು ಮಗಳು ನಕ್ಕು, ಅದನ್ನು ಹೊಡೆದು ಹಾಕಿ, ‘ಬಾಲ್ಕನಿ’ ಎಂದು ತಿದ್ದಿದಳು.